ಹೆಗಲು ಕೊಟ್ಟವರ ನೋವಿನ ಚರಿತ್ರೆ

ಹಮಾಲಿ ಎಂಬ ಪದದ ಬೇರು ಅರಬಿಯಲ್ಲಿದೆ. ‘ಹಮ್ಲ್’ ಎಂದರೆ ಹೊರೆ, ‘ಹಮ್ಮಾಲ್’ ಎಂದರೆ ಹೊರೆ ಹೊರುವವನು. ಆ ಪದ ನಮ್ಮ ಸಂತೆಗಳಲ್ಲಿ, ರೈಲ್ವೆ ಸ್ಟೇಷನ್ನುಗಳಲ್ಲಿ, ಎ.ಪಿ.ಎಂ.ಸಿ. ಯಾರ್ಡುಗಳಲ್ಲಿ ಕನ್ನಡದ್ದೇ ಆಗಿಹೋಗಿದೆ. ಆದರೆ ಆ ಹೊರೆಯ ಕೆಳಗೆ, ಹೆಗಲಿನ ಒಳಗೆ ಏನಾಗುತ್ತದೆ ಎಂದು ನಾವು ಕೇಳಿದ್ದು ಕಡಿಮೆ.

ಹೆಗಲ ಕೀಲನ್ನು ನಾಲ್ಕು ಸ್ನಾಯುಗಳು ಹಿಡಿದಿಟ್ಟಿವೆ. ಅವು ನಾರಿನಂಥ ರಜ್ಜುಗಳ ಮೂಲಕ ಎಲುಬಿಗೆ ಅಂಟಿಕೊಂಡಿರುತ್ತವೆ. ವಯಸ್ಸಾದಂತೆ ಈ ನಾರು ಎಲ್ಲರಲ್ಲೂ ಸವೆಯುತ್ತದೆ. ಆದರೆ ವರ್ಷಗಟ್ಟಲೆ ಭಾರ ಎತ್ತುವವರಲ್ಲಿ, ಗಾರೆಯವರಂತೆ, ಬಣ್ಣ ಬಳಿಯುವವರಂತೆ ಕೈಯನ್ನು ತಲೆಯ ಮೇಲೆತ್ತಿ ದುಡಿಯುವವರಲ್ಲಿ ಅದು ಹರಿಯುವ ಅಪಾಯ ಹೆಚ್ಚು. ಹರಿದ ಮೇಲೆ ತಲೆ ಬಾಚಲೂ ಕೈ ಏಳದಂತಾಗಬಹುದು.

ದುಡಿಮೆಗೂ ಕಾಯಿಲೆಗೂ ಇರುವ ಈ ನಂಟನ್ನು ಕುರಿತು ಮೊದಲು ದೊಡ್ಡ ಗ್ರಂಥ ಬರೆದವನು ಇಟಲಿಯ ವೈದ್ಯ ಬರ್ನಾರ್ದಿನೋ ರಾಮಾಝಿನಿ. ಮನೆಯ ಮಲಗುಂಡಿ ಬಳಿಯಲು ಬಂದ ಕೂಲಿಯೊಬ್ಬನ ಪಾಡು ಕಂಡು ಅವನು ಈ ಅಧ್ಯಯನಕ್ಕೆ ತೊಡಗಿದ. 1700ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ರೋಗಿಯನ್ನು ಕೇಳಬೇಕೆಂದು ಹಿಪೊಕ್ರೆಟಿಸ್ ಹೇಳಿದ ಪ್ರಶ್ನೆಗಳಿಗೆ ಅವನು ಇನ್ನೊಂದನ್ನು ಸೇರಿಸಿದ: ನಿನ್ನ ಕಸುಬು ಏನು?

ಆ ಪ್ರಶ್ನೆ ಹೆಗಲಿನ ತನಕ ಬರಲು ಇನ್ನೂರು ವರ್ಷಗಳೇ ಹಿಡಿದವು. ಲಂಡನ್ನಿನ ಜೆ.ಜಿ. ಸ್ಮಿತ್ 1834ರಲ್ಲಿ ಹೆಗಲ ರಜ್ಜು ಹರಿದಿರುವುದನ್ನು ವರ್ಣಿಸಿದ್ದು ಶವಗಳನ್ನು ಕೊಯ್ದು ನೋಡಿ. ಅದಕ್ಕೆ ಎರಡು ವರ್ಷ ಮುಂಚೆ, ಅಂದರೆ 1832ರಲ್ಲಿ, ವಾರಸುದಾರರಿಲ್ಲದ ಬಡವರ ಹೆಣಗಳನ್ನು ವೈದ್ಯಶಾಲೆಗಳಿಗೆ ಒಪ್ಪಿಸುವ ಕಾನೂನು ಅಲ್ಲಿ ಜಾರಿಗೆ ಬಂದಿತ್ತು. ಬಡವರ ದೇಹ ಸತ್ತ ಮೇಲೆ ವಿದ್ಯೆಗೆ ಬೇಕಾಯಿತು. ಬದುಕಿದ್ದಾಗಿನ ನೋವನ್ನು ಯಾರೂ ಕೇಳಿರಲಿಲ್ಲ.

ಅದನ್ನು ಕೇಳಿದವನು ಬೋಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್. ಹರಿದ ರಜ್ಜನ್ನು ಹೊಲಿದ ಬಗೆಯನ್ನು ಅವನು 1911ರಲ್ಲಿ ಪ್ರಕಟಿಸಿದ. ಅವನ ರಾಜ್ಯವಾದ ಮೆಸಾಚುಸೆಟ್ಸ್ ಕಾರ್ಮಿಕ ಪರಿಹಾರ ಕಾಯ್ದೆ ಮಾಡಿದ್ದೂ ಅದೇ ವರ್ಷ. ಕೂಲಿಗಾರನ ಹೆಗಲಿಗೆ ಈಗ ಕಚೇರಿಯ ಲೆಕ್ಕದಲ್ಲೂ ಒಂದು ಬೆಲೆ ಬಂತು. ಕೈ ಎತ್ತಲಾಗದ ದುಡಿಮೆಗಾರರಲ್ಲಿ ಈ ಹರಿತವನ್ನು ಗುರುತಿಸದೆ ಬಿಡುತ್ತಾರೆಂದು 1934ರ ತನ್ನ ‘ದಿ ಶೋಲ್ಡರ್’ ಗ್ರಂಥದಲ್ಲಿ ಅವನು ವಾದಿಸಿದ. ಚಿಕಿತ್ಸೆ ಪಡೆದ ಪ್ರತಿ ರೋಗಿ ಕೊನೆಗೆ ಏನಾದನೆಂದು ಆಸ್ಪತ್ರೆಗಳು ಲೆಕ್ಕವಿಡಬೇಕೆಂದು ಹಟ ಹಿಡಿದು ಸಹವೈದ್ಯರ ಮುನಿಸಿಗೂ ಗುರಿಯಾದ. 1940ರಲ್ಲಿ ತೀರಿಕೊಂಡ ಅವನ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 2014ರಲ್ಲಿ.

ನಮ್ಮಲ್ಲಿ ಇಂಥ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ. ಅದರ ಪರಿಷ್ಕೃತ ಪಟ್ಟಿಯಲ್ಲಿ, ಭುಜದ ಕೀಲಿನಲ್ಲೇ ತೋಳು ಕತ್ತರಿಸಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 90ರಷ್ಟು ನಷ್ಟವೆಂದು ಬರೆದಿತ್ತು. ತೋಳು ಹಾಗೇ ಇದ್ದು ಒಳಗಿನ ನಾರು ಹರಿದರೆ ಪಟ್ಟಿಯಲ್ಲಿ ಸಾಲಿರಲಿಲ್ಲ. ಅಂಥವನು ವೈದ್ಯರ ಸರ್ಟಿಫಿಕೇಟು ತರಬೇಕು, ಅಪಘಾತವನ್ನು ತೋರಿಸಬೇಕು. ಹತ್ತು ವರ್ಷ ಸವೆದು ಹರಿದ ನಾರಿಗೆ ಯಾವ ತಾರೀಖನ್ನು ಬರೆಯುವುದು?

ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಶಿಫಾರಸು ಮಾಡಿತು. ಆ ನಂತರವೂ ನಮ್ಮ ಮಂಡಿಗಳಲ್ಲಿ ಕ್ವಿಂಟಾಲು ಚೀಲ ಬಹಳ ಕಾಲ ಉಳಿಯಿತು. ಪುಣೆಯಲ್ಲಿ ಬಾಬಾ ಆಢಾವರಂಥವರು ಹಮಾಲರನ್ನು ಸಂಘಟಿಸಿದರು. ಮಹಾರಾಷ್ಟ್ರ 1969ರಲ್ಲಿ ಅವರಿಗೆಂದೇ ಕಾಯ್ದೆ ಮಾಡಿತು. ಹೆಗಲಿನ ಪ್ರಶ್ನೆ ಆಸ್ಪತ್ರೆಯಲ್ಲಿ ಮಾತ್ರವಲ್ಲ, ಚೀಲದ ತೂಕದಲ್ಲೂ ಇದೆ.

ಹರಿತ ಉಳ್ಳವನಿಗೂ ಇಲ್ಲದವನಿಗೂ ಒಂದೇ. ಬೇರೆಯಾಗುವುದು ಆಮೇಲಿನ ದಿನಗಳು. ಹೊಲಿಸಿಕೊಂಡ ಮೇಲೆ ಕೆಲವು ವಾರ ಕೈಯನ್ನು ಜೋಳಿಗೆಯಲ್ಲಿಡಬೇಕು. ಭಾರ ಎತ್ತಲು ತಿಂಗಳುಗಳೇ ಬೇಕು. ಸಂಬಳದ ರಜೆ ಇರುವವನು ಕಾಯುತ್ತಾನೆ. ದಿನಗೂಲಿಯವನು ನೋವಿನ ಮಾತ್ರೆ ನುಂಗಿ ಮತ್ತೆ ಚೀಲದ ಕೆಳಗೆ ಬಾಗುತ್ತಾನೆ. ಅಷ್ಟರಲ್ಲಿ ದೊಡ್ಡ ಹರಿತದ ಸ್ನಾಯು ಹಿಂದಕ್ಕೆ ಸರಿದು ಕೊಬ್ಬಾಗತೊಡಗಿರುತ್ತದೆ. ಆಮೇಲೆ ಹೊಲಿದರೂ ಅದು ಮೊದಲಿನಂತಾಗುವುದು ಕಷ್ಟ.

‘ವಯಸ್ಸಾಯಿತು, ಭಾರ ಎತ್ತಬೇಡಿ’ ಎಂಬ ಸಲಹೆ ಸುಳ್ಳೇನಲ್ಲ. ಆದರೆ ಅದನ್ನು ಹೇಳುವ ಮುಂಚೆ ರಾಮಾಝಿನಿಯ ಪ್ರಶ್ನೆಯನ್ನು ಕೇಳಬೇಕು. ಜೊತೆಗೆ ಇನ್ನೊಂದನ್ನೂ: ನಾಳೆ ಕೆಲಸಕ್ಕೆ ಹೋಗದಿದ್ದರೆ ನಿನ್ನ ಮನೆಯಲ್ಲಿ ಒಲೆ ಉರಿಯುತ್ತದೆಯೇ?