ಖಾಸಗಿ ಶಾಲೆಗೆ ಮಗು ಸೇರಿಸೋ ಮುಂಚೆ: ಬ್ಯಾನರ್ ಬಿಡಿ, ಈ ಕಾಗದ ಕೇಳಿ

ದಾವಣಗೆರೆ: ಯುಗಾದಿ ಮುಗಿಯೋ ಹೊತ್ತಿಗೆ ನಗರದ ಲೈಟ್ ಕಂಬಗಳು ಖಾಲಿ ಇರಲ್ಲ. 'ಅಡ್ಮಿಷನ್ ಓಪನ್', 'ಸತತ ಶೇ.100 ಫಲಿತಾಂಶ', 'ಸ್ಮಾರ್ಟ್ ಕ್ಲಾಸ್', 'ಸಿಬಿಎಸ್‌ಇ ಪ್ಯಾಟರ್ನ್'. ಹರಿಹರ, ಹೊನ್ನಾಳಿ, ಚನ್ನಗಿರಿ ಕಡೆ ಹೋದರೂ ಇದೇ.

ಕಳೆದ ವರ್ಷ ಅಕ್ಕನ ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಬೇಕಿತ್ತು. ಅಕ್ಕನ ಜೊತೆ ನಾನೂ ನಾಲ್ಕು ಶಾಲೆ ಸುತ್ತಿದೆ. ಒಂದು ಕಡೆ ಗೇಟಿನ ಮೇಲೆ ಸಿಬಿಎಸ್‌ಇ ಅಂತ ದೊಡ್ಡದಾಗಿ ಬರೆಸಿದ್ದರು. "ಅಫಿಲಿಯೇಷನ್ ನಂಬರ್ ಕೊಡ್ತೀರಾ ಸರ್?" ಅಂತ ಕೇಳಿದ್ದಕ್ಕೆ, "ಅಪ್ಲೈ ಮಾಡಿದೀವಿ ಮೇಡಂ, ಇವನು ಐದನೇ ಕ್ಲಾಸಿಗೆ ಬರೋ ಅಷ್ಟರಲ್ಲಿ ಬಂದಿರುತ್ತೆ" ಅಂತ ಅಕ್ಕನಿಗೆ ಹೇಳಿದರು. ಅಡ್ವಾನ್ಸ್ ಮಾತ್ರ ಅವತ್ತೇ ಕಟ್ಟಬೇಕಂತೆ!

ಇದು ಬರೀ ಬೋರ್ಡಿನ ವಿಷಯ ಅಲ್ಲ. 2022-23ರಲ್ಲಿ ರಾಜ್ಯ ಸರ್ಕಾರ 5 ಮತ್ತು 8ನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಘೋಷಿಸಿದಾಗ ಬೆಂಗಳೂರಿನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಸಿಬಿಎಸ್‌ಇ ಅಂತ ನಂಬಿ ವರ್ಷಗಟ್ಟಲೆ ಫೀಸ್ ಕಟ್ಟಿದ್ದ ಪೋಷಕರಿಗೆ, ನಿಮ್ಮ ಮಕ್ಕಳು ರಾಜ್ಯ ಪಠ್ಯಕ್ರಮದ ಪರೀಕ್ಷೆ ಬರೆಯಬೇಕು ಅನ್ನೋದು ಆಗ ಗೊತ್ತಾಯಿತು. 2023ರ ಜನವರಿಯಲ್ಲಿ ಅವರು ಶಾಲೆ ಮುಂದೆ ಪ್ರತಿಭಟನೆಗೆ ಕೂತರು. ಮಕ್ಕಳು ಓದಿದ ಪುಸ್ತಕ ಒಂದು, ಬರೆಯಬೇಕಾದ ಪರೀಕ್ಷೆ ಇನ್ನೊಂದು. ಪರೀಕ್ಷೆಗೆ ಆಗ ಉಳಿದಿದ್ದು ಕೆಲವೇ ವಾರ.

ಮಾನ್ಯತೆ ಇದೆ, ಆದರೆ ಯಾವುದಕ್ಕೆ?

"ನಮ್ದು ರೆಕಗ್ನೈಸ್ಡ್ ಸ್ಕೂಲ್" ಅನ್ನೋ ಮಾತು ಪೂರ್ತಿ ಸುಳ್ಳು ಇರೋದು ಕಡಿಮೆ. ಅರ್ಧ ನಿಜ ಇರುತ್ತೆ, ತೊಂದರೆ ಇರೋದೇ ಅಲ್ಲಿ. ಶಿಕ್ಷಣ ಇಲಾಖೆ ಕೊಡುವ ಅನುಮತಿ ಒಂದು ನಿರ್ದಿಷ್ಟ ಜಾಗಕ್ಕೆ, ನಿರ್ದಿಷ್ಟ ತರಗತಿಗಳಿಗೆ, ಒಂದು ಮಾಧ್ಯಮಕ್ಕೆ, ಒಂದು ಪಠ್ಯಕ್ರಮಕ್ಕೆ ಇರುತ್ತದೆ. ಕನ್ನಡ ಮಾಧ್ಯಮಕ್ಕೆ ಪರ್ಮಿಷನ್ ತಗೊಂಡು ಇಂಗ್ಲಿಷ್ ಮಾಧ್ಯಮ ನಡೆಸೋದು, 5ನೇ ತರಗತಿವರೆಗೆ ಪರ್ಮಿಷನ್ ಇದ್ದು 6, 7 ಶುರು ಮಾಡೋದು, ರಾಜ್ಯ ಪಠ್ಯಕ್ರಮದ ಅನುಮತಿಯಲ್ಲಿ ಸಿಬಿಎಸ್‌ಇ ಪುಸ್ತಕ ಓದಿಸೋದು, ಕೇಳದೆ ಕಟ್ಟಡ ಬದಲಿಸೋದು ಎಲ್ಲವೂ ಇಲಾಖೆಯ ಲೆಕ್ಕದಲ್ಲಿ ಅನಧಿಕೃತವೇ. ಹೈಸ್ಕೂಲಿಗೆ ಅನುಮತಿ ಇಲ್ಲದ ಕಡೆ ಮಗು 10ನೇ ಕ್ಲಾಸಿಗೆ ಬಂದರೆ, ಬೇರೊಂದು ಶಾಲೆಯ ಹೆಸರಿನಲ್ಲಿ ಎಸ್ಸೆಸ್ಸೆಲ್ಸಿಗೆ ಕೂರಿಸ್ತಾರೆ. ಮಾರ್ಕ್ಸ್ ಕಾರ್ಡಿನಲ್ಲಿ ನೀವು ಕಾಲಿಡದ ಶಾಲೆಯ ಹೆಸರು ಬರುತ್ತೆ.

ಹಾಗಾಗಿ ಮಾನ್ಯತೆ ಆದೇಶದ ಪ್ರತಿ ತೋರಿಸಿ ಅಂತ ಕೇಳಿ. ಅದರಲ್ಲಿ ವಿಳಾಸ, ಯಾವ ತರಗತಿಯಿಂದ ಯಾವ ತರಗತಿವರೆಗೆ, ಮಾಧ್ಯಮ, ಪಠ್ಯಕ್ರಮ, ಎಲ್ಲಿಯವರೆಗೆ ನವೀಕರಣ ಆಗಿದೆ ಅನ್ನೋದನ್ನ ನೋಡಿ. ಫೋಟೋ ತೆಗೆಯೋಕೆ ಬಿಡಲ್ಲ ಅಂದ್ರೆ ಆದೇಶದ ನಂಬರ್, ದಿನಾಂಕ ಬರೆದುಕೊಂಡು ಬಿಇಒ ಕಚೇರಿಗೆ ಹೋಗಿ. ದಾವಣಗೆರೆ ನಗರದಲ್ಲಿ ಉತ್ತರ, ದಕ್ಷಿಣ ಅಂತ ಎರಡು ಶೈಕ್ಷಣಿಕ ವಲಯ ಇವೆ. ಶಾಲೆ ಯಾವುದಕ್ಕೆ ಸೇರುತ್ತೆ ಅಂತ ಮೊದಲೇ ತಿಳ್ಕೊಂಡ್ರೆ ಒಂದು ಓಡಾಟ ಉಳಿಯುತ್ತೆ. ಅನಧಿಕೃತ ಶಾಲೆಗಳ ಪಟ್ಟಿ ಇದೆಯಾ ಅಂತಲೂ ಅಲ್ಲೇ ಕೇಳಿ.

ಸಿಬಿಎಸ್‌ಇ ಅಂದ್ರೆ ಕೆಲಸ ಇನ್ನೂ ಸುಲಭ. ಮಂಡಳಿಯ 'ಸರಸ್' ಪೋರ್ಟಲ್‌ನಲ್ಲಿ ರಾಜ್ಯ, ಜಿಲ್ಲೆ ಹಾಕಿದರೆ ಸಂಯೋಜಿತ ಶಾಲೆಗಳ ಪಟ್ಟಿ ಬರುತ್ತೆ. ಕರ್ನಾಟಕದ ಶಾಲೆಗಳ ನಂಬರ್ 83ರಿಂದ ಶುರು. 10ನೇವರೆಗೋ 12ನೇವರೆಗೋ, ಯಾವ ದಿನಾಂಕದವರೆಗೆ ಅನ್ನೋದೂ ಸಿಗುತ್ತೆ. ಒಂದೇ ಟ್ರಸ್ಟಿನ ಎರಡು ಬ್ರಾಂಚ್ ಇದ್ದರೆ ವಿಳಾಸ ಗಮನಿಸಿ. ನಂಬರ್ ಇರೋದು ಆ ಬ್ರಾಂಚಿಗೆ, ಅಡ್ಮಿಷನ್ ಕೊಡ್ತಿರೋದು ಈ ಬ್ರಾಂಚಿಗೆ ಆಗಿರಬಹುದು. ಇನ್ನೊಂದು, ಸಿಬಿಎಸ್‌ಇ ಶಾಲೆಗಳು ತಮ್ಮ ವೆಬ್‌ಸೈಟಿನಲ್ಲಿ 'ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಷರ್' ಅನ್ನೋ ಪುಟ ಹಾಕಲೇಬೇಕು. ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆ ಪ್ರಮಾಣಪತ್ರ, ಫೀಸ್ ವಿವರ, ಶಿಕ್ಷಕರ ಸಂಖ್ಯೆ, ಮೂರು ವರ್ಷದ ಫಲಿತಾಂಶ ಎಲ್ಲ ಅದರಲ್ಲಿ ಇರಬೇಕು. ಆ ಪುಟ ಖಾಲಿ ಇದ್ದರೆ ಯಾಕೆ ಅಂತ ಪ್ರಿನ್ಸಿಪಾಲರನ್ನೇ ಕೇಳಿ. ಐಸಿಎಸ್‌ಇ ಶಾಲೆಗಳ ಪಟ್ಟಿಯೂ ಅವರ ಮಂಡಳಿಯ ವೆಬ್‌ಸೈಟಿನಲ್ಲಿದೆ. 'ಪ್ಯಾಟರ್ನ್', 'ಬೇಸ್ಡ್', 'ಇಂಟರ್‌ನ್ಯಾಷನಲ್', 'ಟೆಕ್ನೋ' ಇವು ಯಾವುವೂ ಮಂಡಳಿಗಳಲ್ಲ, ಪೇಂಟರ್ ಬರೆಯೋ ಪದಗಳು.

ಡೈಸ್ ಕೋಡ್ ಇದ್ರೆ ಸಾಕಾ?

ಸಾಲದು. 11 ಅಂಕಿಯ ಯು-ಡೈಸ್ ಕೋಡನ್ನೇ ಕೆಲವರು ಮಾನ್ಯತೆ ನಂಬರ್ ಅಂತ ತೋರಿಸ್ತಾರೆ. ಮಾನ್ಯತೆ ಇಲ್ಲದ ಶಾಲೆಗೂ ಈ ಕೋಡ್ ಇರಬಹುದು, ಅದು ಅಂಕಿಅಂಶಕ್ಕೆ ಅಂತ ಕೊಡೋದು. ಆದರೆ ಕೋಡ್ ಉಪಯೋಗಕ್ಕೆ ಬರುತ್ತೆ. ಯು-ಡೈಸ್ ಪ್ಲಸ್‌ನ 'ನೋ ಯುವರ್ ಸ್ಕೂಲ್' ಪುಟದಲ್ಲಿ ಹಾಕಿದರೆ ಶಾಲೆಯ ಆಡಳಿತ ಯಾವ ಬಗೆಯದು, ಮಾನ್ಯತೆ ಉಂಟೋ ಇಲ್ಲವೋ, ಮಾಧ್ಯಮ, ಶಿಕ್ಷಕರು ಎಷ್ಟು, ಕೊಠಡಿ, ಶೌಚಾಲಯ ಎಷ್ಟು ಅಂತ ಸಿಗುತ್ತದೆ. ಇದನ್ನು ತುಂಬೋದು ಶಾಲೆಯವರೇ, ಅದಕ್ಕೇ ಕಣ್ಣಾರೆ ನೋಡಿದ್ದರ ಜೊತೆ ತಾಳೆ ಹಾಕಿ. ಮಕ್ಕಳ ಸಂಖ್ಯೆಯನ್ನು ಶಿಕ್ಷಕರ ಸಂಖ್ಯೆಯಿಂದ ಭಾಗಿಸಿ. ಆರ್‌ಟಿಇ ಪ್ರಕಾರ 1ರಿಂದ 5ನೇವರೆಗೆ 30 ಮಕ್ಕಳಿಗೆ ಒಬ್ಬರು, 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು ಇರಬೇಕು.

ಶೇ.100 ಫಲಿತಾಂಶದ ಗುಟ್ಟು

ಬ್ಯಾನರಿನಲ್ಲಿ ಎಷ್ಟು ಮಕ್ಕಳು ಪರೀಕ್ಷೆ ಬರೆದರು ಅಂತ ಇರಲ್ಲ. 12 ಜನ ಬರೆದು 12 ಪಾಸಾದರೂ ನೂರೇ, 120 ಬರೆದು ಎಲ್ಲ ಪಾಸಾದರೂ ನೂರೇ. ಇದಕ್ಕಿಂತ ಮುಖ್ಯ, 9ನೇ ಕ್ಲಾಸಿನಲ್ಲಿ ಏನಾಗುತ್ತೆ ಅನ್ನೋದು. ಓದಿನಲ್ಲಿ ಹಿಂದೆ ಇರೋ ಮಕ್ಕಳ ಪೋಷಕರನ್ನು ಕರೆಸಿ "ಟಿಸಿ ತಗೊಂಡು ಹೋಗಿ, ಇಲ್ಲಾಂದ್ರೆ ಫೇಲ್ ಮಾಡ್ತೀವಿ" ಅನ್ನೋ ಶಾಲೆಗಳಿವೆ. ಕಂಡುಹಿಡಿಯೋದು ಹೀಗೆ: ಹಿಂದಿನ ವರ್ಷ 9ರಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ 10ರಲ್ಲಿ ಎಷ್ಟಿದ್ದಾರೆ? ತರಗತಿವಾರು ದಾಖಲಾತಿ ಯು-ಡೈಸ್ ವರದಿಯಲ್ಲಿ ಸಿಗುತ್ತೆ. 60 ಇದ್ದದ್ದು 41 ಆಗಿದ್ರೆ ಉಳಿದ 19 ಮಕ್ಕಳು ಎಲ್ಲಿ ಹೋದರು ಅಂತ ಕೇಳೋ ಹಕ್ಕು ನಿಮಗಿದೆ. ನಾಳೆ ಅವರಲ್ಲಿ ನಿಮ್ಮ ಮಗುವೂ ಇರಬಹುದು.

ಫೀಸ್, ಡೊನೇಷನ್

ಅನುದಾನರಹಿತ ಖಾಸಗಿ ಶಾಲೆಗಳ ಮಟ್ಟಿಗೆ ಶುಲ್ಕ ನಿಯಂತ್ರಿಸುವ ಕಲಂಗಳನ್ನು ರಾಜ್ಯ ಹೈಕೋರ್ಟ್ 2023ರ ಜನವರಿಯಲ್ಲಿ ರದ್ದು ಮಾಡಿದೆ. ಹಾಗಾಗಿ ಫೀಸ್ ಜಾಸ್ತಿ ಅಂತ ಮಾತ್ರ ದೂರು ಕೊಟ್ಟರೆ ಹೆಚ್ಚು ಉಪಯೋಗ ಇಲ್ಲ. ಡೊನೇಷನ್ ಬೇರೆ ವಿಷಯ. ಆರ್‌ಟಿಇ ಕಾಯ್ದೆಯ 13ನೇ ಕಲಂ ಪ್ರಕಾರ ಕ್ಯಾಪಿಟೇಷನ್ ಶುಲ್ಕ ತಗೊಂಡರೆ ಅದರ ಹತ್ತು ಪಟ್ಟುವರೆಗೆ ದಂಡ. ಮಗುವಿಗೋ ಅಪ್ಪ-ಅಮ್ಮನಿಗೋ ಇಂಟರ್‌ವ್ಯೂ ಮಾಡಿ ಆಯ್ಕೆ ಮಾಡಿದರೆ ಮೊದಲ ಸಲ 25 ಸಾವಿರ, ಆಮೇಲೆ ಪ್ರತಿ ಸಲ 50 ಸಾವಿರ ರೂಪಾಯಿವರೆಗೆ ದಂಡ ಇದೆ. "ಬಿಲ್ಡಿಂಗ್ ಫಂಡ್, ರಸೀದಿ ಆಮೇಲೆ ಕೊಡ್ತೀವಿ" ಅಂದರೆ ದುಡ್ಡು ಜೇಬಿನಲ್ಲೇ ಇರಲಿ. ವ್ಯಾನ್, ಪುಸ್ತಕ, ಯೂನಿಫಾರ್ಮ್, ಆಕ್ಟಿವಿಟಿ ಸೇರಿ ವರ್ಷಕ್ಕೆ ಒಟ್ಟು ಎಷ್ಟು, ಮುಂದಿನ ವರ್ಷ ಎಷ್ಟು ಏರಿಸ್ತಾರೆ, ಬಿಟ್ಟು ಹೋದರೆ ಎಷ್ಟು ವಾಪಸ್ ಅನ್ನೋದನ್ನು ಬರವಣಿಗೆಯಲ್ಲಿ ತಗೊಳ್ಳಿ.

ಶಾಲೆ ನೋಡೋಕೆ ಭಾನುವಾರ ಹೋಗಬೇಡಿ, ಕ್ಲಾಸ್ ನಡೆಯೋ ದಿನ ಹೋಗಿ. ಶೌಚಾಲಯ ನೋಡಿ. ಲ್ಯಾಬಿನ ಬೀಗಕ್ಕೆ ತುಕ್ಕು ಹಿಡಿದಿದೆಯಾ ನೋಡಿ. ಸಂಜೆ ಶಾಲೆ ಬಿಡೋ ಹೊತ್ತಿಗೆ ಗೇಟ್ ಹತ್ತಿರ ಹತ್ತು ನಿಮಿಷ ನಿಂತರೆ ಬಸ್ಸಿನಲ್ಲಿ ಎಷ್ಟು ಮಕ್ಕಳನ್ನು ತುಂಬ್ತಾರೆ ಅಂತ ಗೊತ್ತಾಗುತ್ತೆ, ಹಳೇ ಪೋಷಕರೂ ಅಲ್ಲೇ ಸಿಗ್ತಾರೆ. "ಈ ವರ್ಷ ಎಷ್ಟು ಮಂದಿ ಟೀಚರ್ ಬಿಟ್ಟು ಹೋದ್ರು?" ಅಂತ ಅವರನ್ನು ಕೇಳಿ.

ಕಚೇರಿಯಲ್ಲಿ ಬಾಯಿ ಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮೂನೆ 'ಎ', 10 ರೂಪಾಯಿ ಶುಲ್ಕ, ಬಿಇಒ ಕಚೇರಿಯ ಮಾಹಿತಿ ಅಧಿಕಾರಿಗೆ. ಈ ಶಾಲೆಗೆ ಯಾವ ತರಗತಿ, ಮಾಧ್ಯಮ, ಪಠ್ಯಕ್ರಮಕ್ಕೆ ಅನುಮತಿ ಇದೆ, ಆದೇಶದ ಪ್ರತಿ ಕೊಡಿ ಅಂತ ಎರಡು ಸಾಲು ಸಾಕು. 30 ದಿನದೊಳಗೆ ಉತ್ತರ ಕೊಡಬೇಕು, ಅದಕ್ಕೇ ಅಡ್ಮಿಷನ್‌ಗೆ ಎರಡು ತಿಂಗಳು ಮುಂಚೆನೇ ಹಾಕಿಬಿಡಿ. ನಮ್ಮ ಅಕ್ಕನಿಗೆ ಅಷ್ಟು ಟೈಮ್ ಇರಲಿಲ್ಲ, ಬಿಇಒ ಕಚೇರಿಗೇ ಹೋದಳು. ಆ ಗೇಟಿನ ಶಾಲೆಗೆ ಇದ್ದದ್ದು ರಾಜ್ಯ ಪಠ್ಯಕ್ರಮದ ಅನುಮತಿ, ಅದೂ 5ನೇ ತರಗತಿವರೆಗೆ.