ಹಾಡಿನ ಕೀರ್ತಿಯೂ ಹಾಡುವವರ ಹೆಸರೂ: ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯನ್ನು ಕುರಿತ ಒಂದು ವಿಚಾರ

ಒಂದೆರಡು ಹಾಡುಗಳಿಂದಲೇ ದೇಶದಲ್ಲೆಲ್ಲ ಹೆಸರಾಗಿ, ಮಿಕ್ಕ ಹಾಡುಗಳು ಎಷ್ಟಿದ್ದರೂ ಅವೆಲ್ಲವೂ ಆ ಒಂದೆರಡರ ನೆರಳಿನಲ್ಲಿ ಮರೆಯಾದ ಗಾಯಕರು ಎಲ್ಲ ನಾಡುಗಳಲ್ಲಿಯೂ ಉಂಟು. ಇಂಥವರ ಪ್ರಸ್ತಾಪವು ಸಾಮಾನ್ಯವಾಗಿ ವಿನೋದದ ಮಾತಾಗಿ ಮುಗಿದುಹೋಗುವುದು. ಆದರೆ ಸಾಹಿತ್ಯಚರಿತ್ರೆಯನ್ನು ಬರೆಯುವವರು ಗಮನಿಸಬೇಕಾದ ಒಂದು ಪ್ರಶ್ನೆಯು ಇದರಲ್ಲಿ ಅಡಗಿದೆ. ಹಾಡೊಂದಕ್ಕೆ ಕೀರ್ತಿಯು ಬಂದಾಗ ಅದು ಹಾಡಿದವರ ಹೆಸರಿಗೆ ಅಂಟಿಕೊಳ್ಳುವುದು ಯಾವ ಕಾರಣದಿಂದ? ಅಂಟಿಕೊಳ್ಳದೆ ಹೋಗುವುದು ಯಾವ ಕಾರಣದಿಂದ? ಈ ಪ್ರಶ್ನೆಯನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ನಿಂತು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಮಳೆಯು ಕಡಮೆಯಾಗಿ, ವೇದಾವತಿಯ ಬಯಲನ್ನು ಬಿಟ್ಟರೆ ಬಹುಮಟ್ಟಿಗೆ ಕುರುಚಲು ಕಾವಲುಗಳಿಂದ ಕೂಡಿದ ಈ ನೆಲದಲ್ಲಿ ಕುರಿ ದನಗಳನ್ನು ಸಾಕಿ ಬದುಕುವ ಕಾಡುಗೊಲ್ಲರ ಹಟ್ಟಿಗಳೂ ಮ್ಯಾಸನಾಯಕರ ಹಟ್ಟಿಗಳೂ ಹೇರಳವಾಗಿವೆ. ಅಕ್ಷರದ ಸಂಪತ್ತೂ ಇಲ್ಲಿ ಕಡಮೆಯದಲ್ಲ. ಕನ್ನಡ ಅಧ್ಯಾಪಕರಲ್ಲಿ ಅಗ್ರಗಣ್ಯರಾದ ಟಿ. ಎಸ್. ವೆಂಕಣ್ಣಯ್ಯನವರ (೧೮೮೫-೧೯೩೯) ತಳುಕು ಗ್ರಾಮವು ಚಳ್ಳಕೆರೆ ತಾಲ್ಲೂಕಿನದು. ಅದಕ್ಕಿಂತಲೂ ಬಹು ಹಿಂದಕ್ಕೆ ಹೋದರೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಇವುಗಳನ್ನು ಬಿ. ಎಲ್. ರೈಸರು ೧೮೯೨ರಲ್ಲಿ ಬೆಳಕಿಗೆ ತಂದರು. ಈ ಶಾಸನಗಳ ಕೊನೆಯಲ್ಲಿ ಅವನ್ನು ಬರೆದ ಲಿಪಿಕಾರನು ಚಪಡನೆಂಬ ತನ್ನ ಹೆಸರನ್ನು ನಮೂದಿಸಿರುವನು. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ ‘ಲಿಪಿಕಾರ’ನೆಂಬ ತನ್ನ ವೃತ್ತಿಯ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿರುವನು. ಧರ್ಮದ ಮಾತು ದೊರೆಯದು. ಚಪಡನು ಅದನ್ನು ರಚಿಸಿದವನಲ್ಲ, ಕಲ್ಲಿಗೆ ಇಳಿಸಿದವನು. ಆದರೂ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೀರಿ ಅವನ ಹೆಸರು ಉಳಿದುಬಂದಿದೆ. ಅದೇ ನೆಲದಲ್ಲಿ ತಲೆತಲಾಂತರದಿಂದ ಹಾಡುತ್ತ ಬಂದ ಹೆಂಗಸರಲ್ಲಿ ಎಷ್ಟು ಮಂದಿಯ ಹೆಸರನ್ನು ನಾವು ಬಲ್ಲೆವು? ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದರೆ ನಮ್ಮ ಪ್ರಶ್ನೆಯ ಸ್ವರೂಪವು ಸ್ಪಷ್ಟವಾಗುವುದು.

ಸ್ವಲ್ಪದರಿಂದ ಹೆಸರಾಗುವುದು ನಮ್ಮ ಸಂಗೀತಕ್ಕೆ ಹೊಸದೇನೂ ಅಲ್ಲ. ದಕ್ಷಿಣದ ವಿದ್ವಾಂಸರಲ್ಲಿ ಕೆಲವರು ತಾವು ಸಿದ್ಧಿ ಪಡೆದ ಒಂದೇ ರಾಗದ ಹೆಸರಿನಿಂದ ಪ್ರಸಿದ್ಧರಾಗಿರುವರು. ತೋಡಿ ಸೀತಾರಾಮಯ್ಯನವರ ಹೆಸರನ್ನು ಸಂಗೀತಪ್ರಿಯರು ಬಲ್ಲರು. ತಳುಕಿನ ಮನೆತನಕ್ಕೆ ಸೇರಿದ ತ. ರಾ. ಸುಬ್ಬರಾಯರು (೧೯೨೦-೧೯೮೪) ೧೯೫೨ರಲ್ಲಿ ಪ್ರಕಟಿಸಿದ ‘ಹಂಸಗೀತೆ’ಯೆಂಬ ಕಾದಂಬರಿಯ ನಾಯಕನೂ ಇಂಥವನೇ. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನಿಗೆ ರಾಗವೇ ಮನೆತನದ ಹೆಸರಿನಂತೆ ಮುಂದೆ ನಿಂತಿದೆ. ಈ ಕಥೆಯು ೧೯೫೬ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದೀ ಚಿತ್ರಕ್ಕೆ ಆಧಾರವಾಯಿತು. ಜಿ. ವಿ. ಅಯ್ಯರ್ ಅವರು ಇದನ್ನು ಕನ್ನಡದಲ್ಲಿ ಚಿತ್ರವಾಗಿಸಿದಾಗ, ಅದರಲ್ಲಿ ಹಾಡಿದ ಎಂ. ಬಾಲಮುರಳಿಕೃಷ್ಣರಿಗೆ ೧೯೭೫ನೆಯ ಸಾಲಿನ ರಾಷ್ಟ್ರಪ್ರಶಸ್ತಿಯು ಲಭಿಸಿತು. ಆದರೆ ಇಲ್ಲಿ ಒಂದು ಭೇದವನ್ನು ಮರೆಯಬಾರದು. ರಾಗದಿಂದ ಹೆಸರಾದವನು ಆ ರಾಗವನ್ನು ದಿನದಿನವೂ ಹೊಸದಾಗಿ ಹಾಡಬೇಕು. ಅವನ ಕೀರ್ತಿಯು ಹಾಡಿ ಮುಗಿದ ಒಂದು ಹಾಡಿನ ಮೇಲೆ ನಿಂತುದಲ್ಲ. ಇನ್ನು ಮುಂದೆ ಹಾಡಬಲ್ಲೆನೆಂಬ ಶಕ್ತಿಯ ಮೇಲೆ ನಿಂತುದು.

ಹಾಡಿ ಮುಗಿದ ಹಾಡಿಗೇ ಕೀರ್ತಿಯು ಅಂಟಿದುದು ಯಂತ್ರವು ಬಂದ ಮೇಲೆ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೋಹರ್ ಜಾನಳ ಗಾಯನವನ್ನು ಗ್ರಾಮಫೋನ್ ಕಂಪನಿಯವರು ಮುದ್ರಿಸಿಕೊಂಡರು. ಹಾಡು ಮುಗಿಯುತ್ತಲೆ ಆಕೆಯು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಆ ಗಾಯಕಿಯು ೧೯೨೮ರಲ್ಲಿ ಮೈಸೂರು ಅರಮನೆಯ ವಿದುಷಿಯಾಗಿ ನೇಮಕಗೊಂಡು, ೧೯೩೦ನೆಯ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡುದನ್ನು ಕನ್ನಡಿಗರು ನೆನೆಯಬೇಕು. ಹತ್ತು ಅಂಗುಲದ ತಟ್ಟೆಯ ಒಂದು ಪಕ್ಕದಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿದ್ದಿತು. ಇದರಿಂದ ಮೂರು ಪರಿಣಾಮಗಳು ಉಂಟಾದುವು. ಮೊದಲನೆಯದಾಗಿ, ಹಾಡಿಗೆ ಕಟ್ಟುನಿಟ್ಟಾದ ಮೊದಲೂ ಕೊನೆಯೂ ಬಂದುವು. ಎರಡನೆಯದಾಗಿ, ಅದನ್ನು ಎಷ್ಟು ಸಲ ಕೇಳಿದರೂ ಒಂದು ಸ್ವರವೂ ಬದಲಾಗದಂತಾಯಿತು. ಮೂರನೆಯದಾಗಿ, ಗಾಯಕರ ಹೆಸರು ತಟ್ಟೆಯ ಚೀಟಿಯ ಮೇಲೆ ಅಚ್ಚಾಗಿ ಹಾಡಿನ ಜೊತೆಗೆ ಮನೆಮನೆಗೆ ಹೋಯಿತು. ಹೀಗೆ ತಟ್ಟೆಯು ಎಣಿಸಬಹುದಾದ ಸರಕಾದುದರಿಂದ ಎಣಿಕೆಯೂ ಹುಟ್ಟಿತು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯು ೧೯೪೦ರಲ್ಲಿ ಹೆಚ್ಚಾಗಿ ಮಾರಾಟವಾದ ತಟ್ಟೆಗಳ ಪಟ್ಟಿಯನ್ನು ಪ್ರಕಟಿಸತೊಡಗಿತು. ಸಿಂಹಳದ ರೇಡಿಯೋ ಕೇಂದ್ರವು ೧೯೫೨ರಿಂದ ‘ಬಿನಾಕಾ ಗೀತಮಾಲಾ’ ಎಂಬ ಹೆಸರಿನಲ್ಲಿ ಹಿಂದೀ ಚಿತ್ರಗೀತೆಗಳನ್ನು ಕೇಳಿಸತೊಡಗಿ, ಮುಂದೆ ಅವನ್ನು ಮೇಲುಕೀಳಾಗಿ ಸಾಲುಗೊಳಿಸಿತು. ಒಂದೆರಡು ಹಾಡುಗಳಿಂದ ಶಿಖರವನ್ನೇರುವ ಗಾಯಕನು ಈ ಪಟ್ಟಿಗಳ ಸಂತಾನವೆಂದರೆ ತಪ್ಪಾಗದು.

ಕನ್ನಡದಲ್ಲಿ ಇದಕ್ಕೆ ಉದಾಹರಣೆಗಳು ದುರ್ಲಭವಲ್ಲ. ಪಿ. ಕಾಳಿಂಗರಾಯರು (೧೯೧೪-೧೯೮೧) ನವೋದಯದ ಭಾವಗೀತೆಗಳನ್ನೂ ಹಳ್ಳಿಯ ಪದಗಳನ್ನೂ ಸಭೆಗೆ ತಂದು ಅಪಾರವಾದ ಜನಾದರಕ್ಕೆ ಪಾತ್ರರಾದರು. ಅವರು ಹಾಡಿದ ಹಳ್ಳಿಯ ಪದಗಳು ಇಂದಿಗೂ ‘ಕಾಳಿಂಗರಾಯರ ಹಾಡು’ಗಳಾಗಿಯೇ ಜನರ ನಾಲಗೆಯಲ್ಲಿವೆ. ಅವರಿಗಿಂತ ಮೊದಲು ಅವನ್ನು ಹಾಡಿದವರು ಯಾರೆಂಬುದನ್ನು ಕೇಳುವವರಿಲ್ಲ. ಶಿವಮೊಗ್ಗ ಸುಬ್ಬಣ್ಣನವರ (೧೯೩೮-೨೦೨೨) ವಿಷಯವು ಇನ್ನೂ ಸ್ಪಷ್ಟವಾದುದು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಅವರಿಗೆ ೧೯೭೮ನೆಯ ಸಾಲಿನ ಶ್ರೇಷ್ಠ ಹಿನ್ನೆಲೆಗಾಯಕರೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು. ಸುಗಮಸಂಗೀತದಲ್ಲಿ ಅವರು ದಶಕಗಳ ಕಾಲ ದುಡಿದವರು. ಆದರೂ ಜನಸಾಮಾನ್ಯರಿಗೆ ಅವರ ಹೆಸರಿನೊಡನೆ ಮೊದಲು ನೆನಪಿಗೆ ಬರುವುದು ಆ ಒಂದು ಹಾಡೇ. ಇದನ್ನು ದೂಷಣೆಯಾಗಿ ಹೇಳುತ್ತಿಲ್ಲ. ಮುದ್ರಿತವಾದ ಹಾಡಿನ ಸ್ವಭಾವವೇ ಅಂಥದು.

ಈಗ ಹಟ್ಟಿಗೆ ಬರೋಣ. ಅಲ್ಲಿ ಮೇಲಣ ಮೂರು ನಿಯಮಗಳಲ್ಲಿ ಒಂದೂ ನಡೆಯದು. ಹೆಂಗಸರ ಹಾಡಿನಲ್ಲಿ ಒಬ್ಬಳು ಸೊಲ್ಲೆತ್ತುವಳು. ಜೊತೆಯವರು ಅದನ್ನು ಹಿಡಿದು ತಿರುಗಿ ಹೇಳುವರು. ಬೀಸುವಾಗಿನ ಹಾಡು ಕಾಳು ಮುಗಿಯುವವರೆಗೆ. ಸೋಬಾನೆಯು ಶಾಸ್ತ್ರವು ಮುಗಿಯುವವರೆಗೆ. ಆದುದರಿಂದ ಹಾಡಿನ ಉದ್ದವನ್ನು ನಿಶ್ಚಯಿಸುವುದು ಕೆಲಸವೇ ಹೊರತು ಗಡಿಯಾರವಲ್ಲ. ಕಾಡುಗೊಲ್ಲರು ಪೂಜಿಸುವ ಎತ್ತಪ್ಪ, ಜುಂಜಪ್ಪ, ಕ್ಯಾತಪ್ಪ ಮೊದಲಾದ ವೀರರ ಕಥೆಗಳು ಇನ್ನೂ ದೀರ್ಘವಾದುವು. ಉದ್ದನೆಯ ಬಿದಿರಿನ ಗಣೆಯನ್ನು ಊದುತ್ತ ಜುಂಜಪ್ಪನ ಕಥೆಯನ್ನು ಹಾಡತೊಡಗಿದರೆ ರಾತ್ರಿಯು ಸಾಲದು. ಇದರಲ್ಲಿ ಯಾವ ಮೂರು ನಿಮಿಷವನ್ನು ಕತ್ತರಿಸಿ ತಟ್ಟೆಗೆ ಏರಿಸುವುದು? ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ನಡೆಯುವ ಕ್ಯಾತೆದೇವರ ಜಾತ್ರೆಯಲ್ಲಿ ಬಾರೆಕಳ್ಳೆಯ ಮುಳ್ಳಿನ ರಾಶಿಯನ್ನು ಬರಿಗಾಲಿನಲ್ಲಿ ಏರಿ ಕಳಶವನ್ನು ಇಳಿಸುವವರನ್ನು ನೋಡಿದವರಿಗೆ ಆ ದೇವರ ಹಾಡು ಕೇವಲ ವಿನೋದದ ವಸ್ತುವಲ್ಲವೆಂಬುದು ತಿಳಿದಿರುವುದು. ಅಲ್ಲಿ ಹಾಡು ಆಚರಣೆಯ ಒಂದು ಅಂಗ. ಮೊಳಕಾಲ್ಮೂರಿನ ಕಡೆಯ ಮ್ಯಾಸನಾಯಕರಲ್ಲಿ ಮನೆಮಾತು ಎಷ್ಟೋ ಕಡೆ ತೆಲುಗಾಗಿದ್ದು, ಹಾಡುವವರು ಕನ್ನಡ ತೆಲುಗುಗಳೆರಡರಲ್ಲಿಯೂ ನುರಿತಿರುವರು. ಭಾಷೆಗೊಂದರಂತೆ ಮಾಡುವ ಪಟ್ಟಿಯು ಅವರನ್ನು ಯಾವ ಕಡೆಗೆ ಸೇರಿಸೀತು?

ಇಂಥ ಹಟ್ಟಿಗಳಲ್ಲಿ ಒಂದಾದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟಿ ಗೊಲ್ಲರಹಟ್ಟಿಯ ಸಿರಿಯಜ್ಜಿಯು ನಮ್ಮ ವಿಚಾರಕ್ಕೆ ಮುಖ್ಯವಾದ ನಿದರ್ಶನ. ಅಕ್ಷರವನ್ನು ಕಲಿಯದ ಈ ಕಾಡುಗೊಲ್ಲ ಹೆಂಗಸು ಸಾವಿರಗಟ್ಟಲೆ ಹಾಡುಗಳನ್ನು ನೆನಪಿನಲ್ಲಿ ಹೊತ್ತಿದ್ದಳು. ಕೃಷ್ಣಮೂರ್ತಿ ಹನೂರು, ಮೀರಾಸಾಬಿಹಳ್ಳಿ ಶಿವಣ್ಣ ಮೊದಲಾದ ಸಂಶೋಧಕರು ಈ ಸೀಮೆಯ ಹಾಡುಕಥೆಗಳನ್ನು ಬರೆದುಕೊಂಡು ವಿದ್ವತ್ಪ್ರಪಂಚದ ಮುಂದಿರಿಸಿದುದರಿಂದ ಆಕೆಯ ಹೆಸರು ಹಟ್ಟಿಯ ಬೇಲಿಯನ್ನು ದಾಟಿ ಹೊರಗೆ ಬಂದಿತು. ೧೯೯೧ರಲ್ಲಿ ಸ್ಥಾಪಿತವಾದ ಹಂಪೆಯ ಕನ್ನಡ ವಿಶ್ವವಿದ್ಯಾಲಯವು ತನ್ನ ಅತ್ಯುನ್ನತ ಗೌರವವಾದ ನಾಡೋಜ ಪದವಿಯನ್ನು ಆಕೆಗೆ ಸಲ್ಲಿಸಿತು. ಪಂಪನ ಕಾಲದಿಂದಲೂ ಕನ್ನಡ ಸಾಹಿತ್ಯದಲ್ಲಿ ಮಾನ್ಯವಾದ ‘ನಾಡೋಜ’ ಎಂಬ ಮಾತು ಓದುಬರಹವಿಲ್ಲದ ಒಬ್ಬ ಮುದುಕಿಯ ಹೆಸರಿಗೆ ಸೇರಿದುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಸಾಮಾನ್ಯವಾದ ಘಟನೆಯಲ್ಲ.

ಆದರೆ ಇಲ್ಲಿ ಒಂದು ವೈಪರೀತ್ಯವಿದೆ. ತಟ್ಟೆಯ ಗಾಯಕನಿಗೆ ಒಂದು ಹಾಡಿದೆ. ಅದರಿಂದಲೇ ಅವನ ಹೆಸರಿದೆ. ಸಿರಿಯಜ್ಜಿಗೆ ಸಾವಿರಗಟ್ಟಲೆ ಹಾಡುಗಳಿದ್ದುವು, ಹೆಸರೂ ಬಂದಿತು. ಆದರೂ ಆಕೆಯ ಹೆಸರನ್ನು ಗೌರವದಿಂದ ಹೇಳುವ ವಿದ್ಯಾವಂತರಲ್ಲಿ ಆಕೆಯ ಒಂದು ಹಾಡನ್ನಾದರೂ ಬಾಯಲ್ಲಿ ಹೇಳಬಲ್ಲವರು ವಿರಳ. ನಾವು ನೆನಪಿಟ್ಟಿರುವುದು ಹಾಡುಗಳ ಸಂಖ್ಯೆಯನ್ನು, ಹಾಡುಗಳನ್ನಲ್ಲ. ಸಂಖ್ಯೆಯನ್ನು ಕೊಂಡಾಡುವುದೂ ಒಂದು ಬಗೆಯ ಪಟ್ಟಿಯೇ. ಮಾರಾಟವನ್ನು ಎಣಿಸುವವರು ಹಾಡನ್ನು ಸರಕಾಗಿಸಿದರೆಂದು ಆಕ್ಷೇಪಿಸುವ ನಾವು ನೆನಪನ್ನು ಎಣಿಸಿ ಹಾಡುಗಾತಿಯನ್ನು ವಿಸ್ಮಯದ ವಸ್ತುವಾಗಿಸುತ್ತಿರುವೆವು. ಹಟ್ಟಿಯಲ್ಲಿ ಆಕೆಗಿದ್ದ ಮನ್ನಣೆಯು ಬೇರೆ ಬಗೆಯದು. ಮದುವೆಗೆ, ಹಸೆಗೆ, ದೇವರ ಮೆರವಣಿಗೆಗೆ ಆಯಾ ಹೊತ್ತಿಗೆ ತಕ್ಕ ಹಾಡನ್ನು ಎತ್ತಬಲ್ಲವಳೆಂಬುದೇ ಅಂಥ ಹಾಡುಗಾತಿಯ ಯೋಗ್ಯತೆ. ಅಲ್ಲಿ ಜನಪ್ರಿಯವಾದ ಹಾಡೆಂದರೆ ಹೆಚ್ಚು ಸಲ ಕೇಳಿದ ಹಾಡಲ್ಲ. ಅದಿಲ್ಲದೆ ಕಾರ್ಯವೇ ನಡೆಯದ ಹಾಡು.

ಹೆಸರನ್ನು ಕಳೆದ ದೋಷದಲ್ಲಿ ಸಂಗ್ರಹಕಾರರಿಗೂ ಪಾಲುಂಟು. ೧೮೭೧ರಲ್ಲಿ ಗೋವರ್ ಎಂಬ ಆಂಗ್ಲನು ದಕ್ಷಿಣಹಿಂದೂಸ್ಥಾನದ ಜನಪದಗೀತೆಗಳನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದನು. ಆ ಶತಮಾನದ ಕೊನೆಯ ಭಾಗದಲ್ಲಿ ಫ್ಲೀಟರು ಕನ್ನಡ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದರು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ ಕನ್ನಡ ಸಾಹಿತ್ಯಲೋಕವು ಬೆರಗಾಯಿತು. ಆ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಆದರೂ ಆ ಹೆಸರನ್ನೇ ಗಮನಿಸಿರಿ: ಅಲ್ಲಿ ಗರತಿಯೆಂಬ ಸಾಮಾನ್ಯನಾಮವಿದೆ, ಇಂಥ ಊರಿನ ಇಂಥ ಗರತಿಯೆಂಬ ಅಂಕಿತನಾಮವಿಲ್ಲ. ಜನಪದವು ಸಮುದಾಯದ ಸೃಷ್ಟಿಯೆಂಬ ಸಿದ್ಧಾಂತವು ಬಲವಾದಷ್ಟೂ ಒಬ್ಬೊಬ್ಬ ಹಾಡುಗಾತಿಯ ಮುಖವು ಮಸಕಾಯಿತು.

ಹಾಡನ್ನು ಕಟ್ಟಿದವಳು ಅವಳಲ್ಲ, ಕೇಳಿ ಕಲಿತವಳು ಮಾತ್ರ. ಹಾಗಿರುವಲ್ಲಿ ಹೆಸರನ್ನೇಕೆ ಬರೆಯಬೇಕೆಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ಬ್ರಹ್ಮಗಿರಿಯ ಬಂಡೆಯ ಮೇಲೆಯೇ ಇದೆ. ಚಪಡನೂ ದೊರೆಯ ಮಾತನ್ನು ಕಟ್ಟಿದವನಲ್ಲ. ಒಂದು ಮಾತನ್ನು ಕೆಡದಂತೆ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಮುಟ್ಟಿಸುವುದೂ ಹೆಸರಿಗೆ ಅರ್ಹವಾದ ಕಾರ್ಯವೆಂದು ಅವನು ತಿಳಿದಿದ್ದನು. ಮೇಲಾಗಿ ಹಾಡುಗಾತಿಯು ಬರಿಯ ಲಿಪಿಕಾರಳೂ ಅಲ್ಲ. ಸಮಯವನ್ನರಿತು ನುಡಿಯನ್ನು ಹಿಗ್ಗಿಸಿ ಕುಗ್ಗಿಸುವವಳು, ಮದುಮಗಳ ಹೆಸರನ್ನು ಹಾಡಿನೊಳಗೆ ಸೇರಿಸುವವಳು, ಮರೆತ ಸೊಲ್ಲನ್ನು ಜೋಡಿಸಿ ನಡೆಸುವವಳು. ಅವಳ ಪಾಲು ಕಲ್ಲಿಗೆ ಅಕ್ಷರವನ್ನು ಇಳಿಸಿದವನಿಗಿಂತ ಹೆಚ್ಚಿನದು.

ಇದುವರೆಗಿನ ವಿಚಾರದಿಂದ ಎರಡು ಕರ್ತವ್ಯಗಳು ತೋರುತ್ತವೆ. ಇನ್ನು ಮುಂದೆ ಪ್ರಕಟಿಸುವ ಒಂದೊಂದು ಹಾಡಿನ ಕೆಳಗೂ ಹಾಡಿದವರ ಒಪ್ಪಿಗೆಯನ್ನು ಪಡೆದು ಅವರ ಹೆಸರನ್ನೂ ಹಟ್ಟಿಯನ್ನೂ ಹಾಡಿದ ಸಂದರ್ಭವನ್ನೂ ಕಾಣಿಸಬೇಕು. ಈ ಮೂರರಲ್ಲಿ ಸಂದರ್ಭವನ್ನು ಬಿಟ್ಟರೆ ಹಾಡು ಅರ್ಧ ಉಳಿದಂತೆ. ಎರಡನೆಯದು ಅಧ್ಯಾಪಕರಿಗೆ ಸೇರಿದುದು. ಪಠ್ಯದಲ್ಲಿ ‘ಜನಪದ ಗೀತೆ’ ಎಂಬ ತಲೆಬರಹದ ಕೆಳಗೆ ಕರ್ತೃವಿನ ಸ್ಥಳವು ಬರಿದಾಗಿರುವುದನ್ನು ಕಂಡಾಗ ವಿದ್ಯಾರ್ಥಿಗಳಿಗೆ ಆ ಬರಿದು ಸ್ಥಳದ ಅರ್ಥವನ್ನು ತಿಳಿಸಬೇಕು. ಸಿರಿಯಜ್ಜಿಗೆ ಎಷ್ಟು ಹಾಡುಗಳು ಬರುತ್ತಿದ್ದುವೆಂದು ಕೇಳುವುದಕ್ಕೆ ಮುಂಚೆ ಆಕೆಯ ಒಂದು ಹಾಡನ್ನು ತಾವು ಕಲಿತು ತರಗತಿಯಲ್ಲಿ ಹಾಡಿಸಬೇಕು. ಹಾಡು ಬಾಯಿಂದ ಬಾಯಿಗೆ ಹೋದರಲ್ಲವೇ ಅದಕ್ಕೆ ಆಯುಸ್ಸು? ಚಪಡನ ಹೆಸರನ್ನು ಬಂಡೆಯು ಕಾಪಾಡಿತು. ಹಾಡುಗಾತಿಯ ಹೆಸರನ್ನು ಕಾಪಾಡಲು ಕೇಳಿದವರ ನಾಲಗೆಯನ್ನು ಬಿಟ್ಟರೆ ಬೇರೊಂದು ಬಂಡೆಯಿಲ್ಲ.