ಜಾತಿ ನಾಯಿಗಳ ರಕ್ಷಣೆ ಮತ್ತು ಮರು ಆಶ್ರಯ

ಹಣ ಕೊಟ್ಟು ತಂದ ಜಾತಿ ನಾಯಿಯನ್ನು ವಯಸ್ಸಾದ ಮೇಲೆ, ಕಾಯಿಲೆ ಬಿದ್ದಾಗ ಅಥವಾ ಮನೆ ಬದಲಿಸುವಾಗ ಬೀದಿಗೆ ಬಿಡುವವರುಂಟು. ಮನೆಯೊಳಗೇ ಬೆಳೆದ ಲ್ಯಾಬ್ರಡಾರ್, ಪಗ್‌ಗಳಿಗೆ ಬೀದಿಯಲ್ಲಿ ಬದುಕಲು ಬಾರದು. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ ಸಂಸ್ಥೆ ಇಂಥ ನಾಯಿಗಳಿಗಾಗಿಯೇ ‘ಸೆಕೆಂಡ್ ಚಾನ್ಸ್’ ಎಂಬ ದತ್ತು ಕೇಂದ್ರ ತೆರೆಯಿತು.

ಇಂಥ ಕೇಂದ್ರಗಳಲ್ಲಿ ನಾಯಿಗೆ ಮೊದಲು ಚಿಕಿತ್ಸೆ, ರೇಬೀಸ್ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಇದರಿಂದ ಮರಿ ಮಾರುವವರು ದತ್ತು ನೆಪದಲ್ಲಿ ಅದನ್ನು ಒಯ್ಯುವುದು ತಪ್ಪುತ್ತದೆ. ಬಳಿಕ ತಳಿ, ಸ್ವಭಾವ ನೋಡಿ ತಕ್ಕ ಮನೆ ಹುಡುಕುತ್ತಾರೆ. ದಟ್ಟ ಕೂದಲಿನ ಹಸ್ಕಿಗೆ ತಂಪು ಜಾಗ ಬೇಕು. ಮುಧೋಳ ನಾಯಿಗೆ ಓಡಲು ಬಯಲು ಬೇಕು. ಪಗ್‌ಗೆ ಸೆಕೆಯಲ್ಲಿ ಉಸಿರಾಟ ಕಷ್ಟ. ದತ್ತು ಕೊಡುವ ಮುನ್ನ ಮನೆಯವರೆಲ್ಲರ ಒಪ್ಪಿಗೆ, ಕೊಡುವ ಆಹಾರ ಎಲ್ಲವನ್ನೂ ವಿಚಾರಿಸುತ್ತಾರೆ.

ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನ ನಿರೋಧವೂ ಒಂದು.

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನಂಥ ಊರುಗಳಲ್ಲಿ ನಾಯಿ ಸಾಕಲಾಗದವರು ಪಶುವೈದ್ಯರಿಗೆ ತಿಳಿಸಿ, ಲಸಿಕೆ ಚೀಟಿ ಜೋಪಾನವಾಗಿಟ್ಟು, ಬೇರೆ ಮನೆ ಸಿಗುವವರೆಗೆ ಅದನ್ನು ತಮ್ಮಲ್ಲೇ ಉಳಿಸಿಕೊಳ್ಳುವುದು ಕರ್ತವ್ಯ.